ಸುದ್ದಿ ಮುಟ್ಟಿತು

ನಮ್ಮ ಬಡಾವಣೆಯ ಹೆಸರು ಸುದ್ದಗುಂಟೆಪಾಳ್ಯ. ಹೊಸಬರಿಗೆ ವಿಳಾಸ ಕೊಡುವಾಗ ಈ ಹೆಸರನ್ನು ಎರಡು ಸಲವಾದರೂ ಬಿಡಿಸಿ ಹೇಳಬೇಕು. ತೆಲುಗಿನಲ್ಲಿ ಸುದ್ದ ಎಂದರೆ ಸೀಮೆಸುಣ್ಣ, ಗುಂಟ ಎಂದರೆ ಗುಂಡಿ. ಹಿಂದೆ ಇಲ್ಲಿ ಬಿಳಿಮಣ್ಣಿನ ಹೊಂಡವೊಂದು ಇದ್ದಿರಬೇಕೆಂದು ನನ್ನ ಊಹೆ. ಸೀಮೆಸುಣ್ಣವನ್ನೇ ನಂಬಿ ಬದುಕುವ ಮೇಷ್ಟರಿಗೆ ಇದಕ್ಕಿಂತ ಒಪ್ಪುವ ನೆಲೆ ಬೇರೆ ಉಂಟೆ? ನಮ್ಮ ಭೌತಶಾಸ್ತ್ರದ ಸ್ನೇಹಿತರು ಮಾತ್ರ ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. "ಅದು ಸುದ್ದಿಗುಂಟೆ ಕಣ್ರೀ. ಊರ ಸುದ್ದಿಯೆಲ್ಲ ಹರಿದು ಬಂದು ನಿಲ್ಲುವ ಕುಂಟೆ" ಎನ್ನುತ್ತಾರೆ.

ಈ ಸ್ನೇಹಿತರೂ ನಾನೂ ಒಂದೇ ಕಾಲೇಜಿನಲ್ಲಿ ಪಾಠ ಹೇಳುವವರು. ಬೆಳಗ್ಗೆ ನನ್ನ ಕಾರಿನಲ್ಲಿ ಇಬ್ಬರದೂ ಸವಾರಿ. ಡೈರಿ ವೃತ್ತದಲ್ಲಿ ದೀಪ ಹಸಿರಾಗುವುದನ್ನು ಕಾಯುತ್ತ ಕುಳಿತ ಹೊತ್ತು ಜ್ಞಾನಾರ್ಜನೆಗೆ ಬಹಳ ಅನುಕೂಲವಾದದ್ದು. ಕಾರಿನ ಪರದೆಯ ಮರ್ಮವನ್ನು ನಾನು ತಿಳಿದುಕೊಂಡದ್ದು ಅಲ್ಲಿಯೇ.

ಹೋಗಬೇಕಾದ ದಾರಿ, ಕೇಳಬೇಕಾದ ಹಾಡು, ಕರೆ ಮಾಡಿದವರ ಹೆಸರು ಎಲ್ಲವೂ ಕಣ್ಣೆದುರಿನ ಪರದೆಯ ಮೇಲೆ ಬರುವುದನ್ನು ಕಂಡು, "ಈ ಕಾರು ಎಷ್ಟು ಬುದ್ಧಿವಂತ ನೋಡಿ" ಎಂದೆ ಒಂದು ದಿನ.

"ಕಾರಿಗೆ ಏನೂ ಗೊತ್ತಿಲ್ಲ ರೀ. ಬುದ್ಧಿಯೆಲ್ಲ ನಿಮ್ಮ ಜೇಬಿನ ಫೋನಿನದು. ತೊಗಲುಬೊಂಬೆ ಆಟ ನೋಡಿಲ್ಲವೆ? ಪರದೆಯ ಮೇಲೆ ಕುಣಿಯುವುದು ನೆರಳು. ಆಡಿಸುವವನು ಹಿಂದೆ ಕುಳಿತಿರುತ್ತಾನೆ."

ಆಮೇಲೆ ವಿವರಿಸಿದರು. ಆಪಲ್ ಕಂಪನಿ 2014ರಲ್ಲಿ ಕಾರ್‌ಪ್ಲೇ ಎಂಬ ಹೆಸರಿನಿಂದಲೂ, ಗೂಗಲ್ 2015ರಲ್ಲಿ ಆಂಡ್ರಾಯ್ಡ್ ಆಟೋ ಎಂಬ ಹೆಸರಿನಿಂದಲೂ ಈ ಏರ್ಪಾಟನ್ನು ಹೊರತಂದವು. ಫೋನು ತನ್ನೊಳಗೇ ನಕ್ಷೆ ಬರೆದು, ಆ ಚಿತ್ರವನ್ನು ತಂತಿಯ ಮೂಲಕ ಕಾರಿನ ಪರದೆಗೆ ಕಳಿಸುತ್ತದೆ. ನಾವು ಪರದೆಯನ್ನು ಮುಟ್ಟಿದರೆ, ಬೆರಳು ಎಲ್ಲಿ ಬಿತ್ತೆಂಬ ವರ್ತಮಾನವಷ್ಟೇ ಫೋನಿಗೆ ಹಿಂದಿರುಗುತ್ತದೆ. ತಂತಿಯಿಲ್ಲದ ಏರ್ಪಾಟಿನಲ್ಲಿ ಬ್ಲೂಟೂತ್ ಇಬ್ಬರಿಗೂ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ. ಹೊರೆ ಹೊರುವುದು ವೈಫೈ. ಒಳ್ಳೆಯ ಮದುವೆಯ ದಳ್ಳಾಳಿಯೂ ಹೀಗೆಯೇ ಅಲ್ಲವೆ?

ಕಾರು ಓಡುವಾಗ ಬಂದ ಸಂದೇಶವನ್ನು ಈ ವ್ಯವಸ್ಥೆ ಕಣ್ಣಿಗೆ ತೋರಿಸುವುದಿಲ್ಲ, ಗಟ್ಟಿಯಾಗಿ ಓದಿ ಹೇಳುತ್ತದೆ. ಇದು ವಿವೇಕವೇ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು, ನಾವು ಎರಡು ಕ್ಷಣ ಕಣ್ಣು ತಪ್ಪಿಸಿದರೆ, 33 ಮೀಟರು ಕುರುಡಾಗಿ ಓಡಿರುತ್ತದೆ. ಡೈರಿ ವೃತ್ತದ ಬಳಿ ಅಂಥ ವೇಗವನ್ನು ಕಂಡವರಿಲ್ಲ, ಆ ಮಾತು ಬೇರೆ. ನಮ್ಮ ಸರಕಾರದ ನಿಯಮವೂ, 2020ರ ಅಕ್ಟೋಬರಿನಿಂದ, ವಾಹನ ನಡೆಸುವವನು ಫೋನನ್ನು ದಾರಿ ನೋಡಲು ಮಾತ್ರ, ಅದೂ ಗಮನ ಕೆಡದ ಹಾಗೆ, ಬಳಸಬಹುದೆಂದು ಹೇಳುತ್ತದೆ.

ಹೀಗೆ ಒಂದು ಸೋಮವಾರ ಹೋಗುತ್ತಿದ್ದೆವು. ಎಂಟೂವರೆ ಇರಬಹುದು. ನನ್ನ ಶಾಲೆಯ ದಿನಗಳ ಗೆಳೆಯರ ಗುಂಪಿನಿಂದ ಸಂದೇಶ ಬಂದಿದೆಯೆಂದು ಪರದೆ ತಿಳಿಸಿತು. ಬೆಳಗಾದರೆ ನಗೆಹನಿ ಹಂಚುವ ಗುಂಪು ಅದು. ಓದು ಎಂದು ಪರದೆಯನ್ನು ಒತ್ತಿದೆ. ಇಂಗ್ಲಿಷ್ ದೊರೆಸಾನಿಯ ಗಂಟಲಿನಿಂದ ಹೊರಟಿತು: "ಮೆಶ್‌ಟ್ರೂ ಹಾಡ್ರೂ ಬೆಲಿಗ್. ಟ್ವೆಲ್ವ್ ರೋಲೇಜ್ ಬಾ."

"ಯಾರೋ ಮೇಷ್ಟ್ರು ಬೇಲಿ ಹತ್ತಿ ಹಾಡಿದರಂತೆ ರೀ, ಹನ್ನೆರಡು ಹಾಡು!" ಎಂದರು ಸ್ನೇಹಿತರು. ನಾನು ಚಕ್ರ ತಟ್ಟಿ ತಟ್ಟಿ ನಕ್ಕೆ. ಇನ್ನೊಮ್ಮೆ ಓದಿಸಿದೆವು, ಇನ್ನೊಮ್ಮೆ ನಕ್ಕೆವು. ಅಷ್ಟರಲ್ಲಿ ಜಯನಗರದ ನಾಲ್ಕನೆಯ ಬ್ಲಾಕು ಹಿಂದಾಯಿತು.

ಅಂದು ನನಗೆ ಪರೀಕ್ಷಾ ಮೇಲ್ವಿಚಾರಣೆ. ಫೋನನ್ನು ಅಧ್ಯಾಪಕರ ಕೊಠಡಿಯಲ್ಲೇ ಬಿಟ್ಟು ಹೋಗಬೇಕಾದದ್ದು ನಿಯಮ. ಒಂದು ಗಂಟೆಗೆ ಬಂದು ನೋಡಿದರೆ ಏಳು ಕರೆಗಳು. ಅವುಗಳ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಎರಡೇ ವಾಕ್ಯ. ಕಣ್ಣಿಗೆ ಬಿದ್ದೊಡನೆ ಅರ್ಥವಾಯಿತು: "ಮೇಷ್ಟ್ರು ಹೋದ್ರು ಬೆಳಿಗ್ಗೆ. 12ರೊಳಗೆ ಬಾ." ನಾವು ನಗುತ್ತ ದಾಟಿಬಂದ ಆ ಜಯನಗರದಲ್ಲೇ ಅವರ ಮನೆ. ನಾನು ಅಲ್ಲಿಗೆ ಓಡುವ ವೇಳೆಗೆ ಬನಶಂಕರಿಯ ಚಿತಾಗಾರದಲ್ಲಿ ಎಲ್ಲ ಮುಗಿದಿತ್ತು.

ಆ ಮೇಷ್ಟರು ಮಾಧ್ಯಮಿಕ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ಪದ್ಯವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಪದ ಬಿಡಿಸುವುದು ಎಲ್ಲಿ ತಪ್ಪಿತೋ ಅಲ್ಲಿಗೆ ಪುಸ್ತಕ ಮುಚ್ಚಿಸಿ, "ಬಾಯಿ ಓದಿತು. ನೀನು ಯಾವಾಗ ಓದುತ್ತೀಯೋ?" ಎಂದು ಕೇಳುತ್ತಿದ್ದರು. ನಾನು ಕನ್ನಡ ಎಂ.ಎ. ಮಾಡಿದ್ದು ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಇರಬೇಕು.

ಯಂತ್ರವನ್ನು ಬಯ್ದು ಸಮಾಧಾನ ಪಡೆಯಲು ನೋಡಿದೆ. ಸ್ನೇಹಿತರು ಅದಕ್ಕೂ ಅವಕಾಶ ಕೊಡಲಿಲ್ಲ. ಅಕ್ಷರವನ್ನು ಉಲಿಯಾಗಿಸುವ ಆ ತಂತ್ರಾಂಶಕ್ಕೆ, ಯಾವ ಭಾಷೆ ಗೊತ್ತುಮಾಡಿದೆಯೋ ಆ ಭಾಷೆಯ ಕಟ್ಟಳೆಯೇ ಕಟ್ಟಳೆ. ಇಂಗ್ಲಿಷ್ ಅಕ್ಷರ ಕೊಟ್ಟರೆ ಇಂಗ್ಲಿಷಾಗಿ ಓದೀತು. ಅದಕ್ಕೆ ಸಾವೂ ಒಂದೇ, ಹಾಡೂ ಒಂದೇ. ಕನ್ನಡವೇನು ಫೋನಿಗೆ ಅಪರಿಚಿತವೆ? ಯೂನಿಕೋಡಿನಲ್ಲಿ 1991ರಲ್ಲೇ ನಮ್ಮ ಲಿಪಿಗೆ ಸ್ಥಾನ ದೊರೆತಿತ್ತು. ಗೂಗಲ್ ನಕ್ಷೆ 2018ರಿಂದ ಕನ್ನಡದಲ್ಲೇ ದಾರಿ ಹೇಳುತ್ತಿದೆ. ಬರೆದಂತೆ ಓದುವ ಭಾಷೆ ನಮ್ಮದೆಂದು ತರಗತಿಯಲ್ಲಿ ಪ್ರತಿವರ್ಷ ಹೆಮ್ಮೆಯಿಂದ ಹೇಳುವವನು ನಾನು. ಆದರೆ ನನ್ನ ಫೋನಿನ ಭಾಷೆ ಇಂಗ್ಲಿಷ್ ಎಂದೇ ಇತ್ತು. ಆ ಗೆಳೆಯರಿಗೆ ನಾನೂ ಇಷ್ಟು ವರ್ಷ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಗೀಚುತ್ತಿದ್ದೆ. ಬೇಗ ಆಗುತ್ತದೆ ಎಂಬುದೇ ಕಾರಣ. ಹಾಗೆ ಉಳಿಸಿದ ಹೊತ್ತನ್ನೆಲ್ಲ ಕೂಡಿದರೂ ಆ ಒಂದು ಬೆಳಗಿನ ಮೂರೂವರೆ ಗಂಟೆ ಹಿಂದಕ್ಕೆ ಬರಲಾರದು.

ಮೂರನೆಯ ದಿನ ಮತ್ತೆ ಅವರ ಮನೆಗೆ ಹೋದೆ. ಅಮ್ಮನವರು ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ಗುರುತಿಸಿ, "ನಿನ್ನನ್ನು ಬಹಳ ನೆನೆಸಿಕೊಳ್ತಿದ್ರಪ್ಪ. ಅವತ್ತು ಸುದ್ದಿ ಮುಟ್ಟಲಿಲ್ಲವೆ?" ಎಂದು ಕೇಳಿದರು.

"ತಡವಾಗಿ ಮುಟ್ಟಿತಮ್ಮ" ಎಂದೆ.

ಸುಳ್ಳು ಹೇಳಿದೆ. ಸುದ್ದಿ ಹೊತ್ತಿಗೆ ಸರಿಯಾಗಿಯೇ ಮುಟ್ಟಿತ್ತು. ಎರಡು ಸಲ ಓದಿಸಿ ಕೇಳಿದ್ದೆ.