ನಲವತ್ನಾಲ್ಕು ಸಾವಿರದ ನೂರು

ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡ ಮನೆಗಳಲ್ಲೆಲ್ಲ ಈಗ ಒಂದೇ ಚಿಂತೆ: ಫೋನಿನಲ್ಲಿರುವ ಹಾಡನ್ನು ಅದಕ್ಕೆ ಮುಟ್ಟಿಸುವುದು ಹೇಗೆ, ಅದೂ ಕಡಿಮೆ ಖರ್ಚಿನಲ್ಲಿ. ನಮ್ಮ ಸೀಡಿ ಪ್ಲೇಯರು ಯಾವ ಸೀಡಿ ಹಾಕಿದರೂ ‘ನೋ ಡಿಸ್ಕ್’ ಎನ್ನತೊಡಗಿದ ಮೇಲೆ ನಾನೂ ಸ್ಟ್ರೀಮರ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯ ಹುಡುಗ ಅಂಗೈ ಅಗಲದ ಎರಡು ಡಬ್ಬಿ ಮುಂದಿಟ್ಟ. “ಇದು 192ರ ತನಕ ಹೋಗುತ್ತೆ ಸಾರ್. ಇದು ಬರೀ 44.1, 48 ಅಷ್ಟೆ” ಎಂದ.

ಆ ‘ಬರೀ’ ನನಗೆ ಹಿಡಿಸಲಿಲ್ಲ. 44.1ಕ್ಕೂ ನಮ್ಮೂರಿಗೂ ನೆಂಟಸ್ತಿಕೆ ಇದೆ.

ಸೀಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತಾರೆ; ಹುಡುಗ ಹೇಳಿದ 44.1 ಇದೇ, ಸಾವಿರದ ಲೆಕ್ಕದಲ್ಲಿ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್. ಅದರ ಎರಡು ಪಟ್ಟಿಗಿಂತ ಒಂದಿಷ್ಟು ಜಾಸ್ತಿ ಸಲ ಅಳೆದರೆ ಸಾಕು ಅನ್ನುವುದು ಲೆಕ್ಕ. ಸರಿ, ಹಾಗಾದರೆ 42,000 ಇಡಬಹುದಿತ್ತು. ದುಂಡಗೆ 45,000 ಅಂದಿದ್ದರೂ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಈ ನೂರರ ಚಿಲ್ಲರೆ ಎಲ್ಲಿಂದ ಬಂತು?

ವಿಡಿಯೋ ಕ್ಯಾಸೆಟ್ಟಿನಿಂದ! ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಗಂಟೆಯ ಸಂಗೀತದ ಅಷ್ಟೂ ಅಂಕಿ ಹಿಡಿಸುವ ಹಾರ್ಡ್ ಡಿಸ್ಕ್ ಸ್ಟುಡಿಯೋಗಳ ಕೈಗೆಟಕುವಂತಿರಲಿಲ್ಲ. ಅಷ್ಟನ್ನು ನುಂಗುವ ತಾಕತ್ತಿದ್ದದ್ದು ವಿಡಿಯೋ ಟೇಪಿಗೆ. ಸೋನಿಯವರು ಅಂಕಿಗಳನ್ನು ಕಪ್ಪು-ಬಿಳಿ ಚುಕ್ಕಿಗಳ ಚಿತ್ರವಾಗಿಸಿ, ಟೀವಿ ಸ್ಟೇಷನ್ನುಗಳಲ್ಲಿ ಓಡಾಡುತ್ತಿದ್ದ ಯು-ಮ್ಯಾಟಿಕ್ ಕ್ಯಾಸೆಟ್ಟಿಗೆ ತುಂಬಿದರು. ಚಿತ್ರದ ಒಂದೊಂದು ಗೆರೆಗೆ ಮೂರು ಅಳತೆ. ಜಪಾನ್, ಅಮೆರಿಕದ ಟೀವಿಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಹಾಯುತ್ತಿತ್ತು, ಪ್ರತಿ ಸಲ ಬಳಕೆಗೆ ಸಿಗುತ್ತಿದ್ದ ಗೆರೆ 245. ಯುರೋಪಿನ ಮತ್ತು ನಮ್ಮ ದೂರದರ್ಶನದ ಪದ್ಧತಿಯಲ್ಲಿ 50 ಸಲ, 294 ಗೆರೆ. ಕರೆಂಟು ಬಿಲ್ಲಿನ ಹಿಂದೆ ಗುಣಿಸಿ ನೋಡಿ. 245ನ್ನು ಮೂರರಿಂದ, ಆಮೇಲೆ 60ರಿಂದ; 294ನ್ನು ಮೂರರಿಂದ, ಆಮೇಲೆ 50ರಿಂದ. ಎರಡೂ ಕಡೆ ಬರುವುದು 44,100. ಇಷ್ಟು ಚೊಕ್ಕ ಜಾತಕ ಕೂಡಿದ್ದನ್ನು ನಾನು ಮದುವೆಗಳಲ್ಲೂ ಕಂಡಿಲ್ಲ.

ಸೋನಿಯ ಮೊದಲ ಸೀಡಿ ಪ್ಲೇಯರು ಜಪಾನಿನ ಅಂಗಡಿಗೆ ಬಂದದ್ದು 1982ರ ಅಕ್ಟೋಬರಿನಲ್ಲಿ. ಅದೇ ವರ್ಷ ಇಲ್ಲಿ ಏಷ್ಯಾಡ್, ಕಲರ್ ಟೀವಿ. ನಮ್ಮ ಕಡೆಯವರು ಸೀಡಿ ಎಂಬುದನ್ನು ಕಣ್ಣಲ್ಲಿ ನೋಡಲು ಇನ್ನೂ ಬಹಳ ವರ್ಷ ಹಿಡಿಯಿತು. ಅದರ ತವರುಮನೆಯಾದ ವಿಡಿಯೋ ಕ್ಯಾಸೆಟ್ಟು ಮಾತ್ರ ಸಾಗರದ ಪೇಟೆಯಿಂದ ಜೀಪಿನಲ್ಲಿ ಕೂತು ನಮ್ಮೂರಿಗೆ ಬಂದೇಬಿಟ್ಟಿತು.

ಗಣೇಶನ ಹಬ್ಬಕ್ಕೆ ಯುವಕ ಸಂಘದವರು ಟೀವಿ, ಕ್ಯಾಸೆಟ್ ಓಡಿಸುವ ವೀಸಿಪಿ ಬಾಡಿಗೆಗೆ ತರಿಸುತ್ತಿದ್ದರು. ಟೀವಿಗೆ ಕಂಬಳಿ ಸುತ್ತಿರುತ್ತಿದ್ದರು. ವೀಸಿಪಿಯನ್ನು ಮಾತ್ರ ಆಪರೇಟರ್ ಹುಡುಗ ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದ, ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಅಡಿಕೆ ಅಂಗಳದಲ್ಲಿ ಚಾಪೆ. ಮೊದಲು ಹಿರಿಯರಿಗೆಂದು ‘ಭಕ್ತ ಕುಂಬಾರ’, ಆಮೇಲೆ ಎಲ್ಲರಿಗೂ ‘ಬಂಗಾರದ ಮನುಷ್ಯ’, ಹಿರಿಯರು ಎದ್ದು ಹೋದ ಮೇಲೆ ಹಿಂದಿಯ ಹೊಡೆದಾಟದ್ದೊಂದು. ಈ ಕ್ರಮ ಎಲ್ಲೂ ಬರೆದಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಎರಡನೇ ಪಿಚ್ಚರಿನ ನಡುವೆ ಪರದೆಯ ತುಂಬ ಚುಕ್ಕಿ ಉದುರಲು ಶುರು. “ಎಂತಾತಾ ತಮಾ?” ಎಂದು ಅಜ್ಜಿ ಕೂಗುವಳು. “ಹೆಡ್ಡಿಗೆ ಧೂಳು ಅಮ್ಮಾ” ಎಂದು ಅವನು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯುವನು. ನಾವು ಹುಡುಗರು ಪಿಚ್ಚರಿಗಿಂತ ಹೆಚ್ಚಾಗಿ ಕಾಯುತ್ತಿದ್ದದ್ದು ಇದಕ್ಕೇ. ಒಳಗೆ ಓರೆಯಾಗಿ ನಿಂತ ಬೆಳ್ಳಿ ಬಣ್ಣದ ಡ್ರಮ್ಮು, ಅದನ್ನು ಅರ್ಧ ಸುತ್ತಿ ಹಾದುಹೋಗುವ ಕಂದು ಟೇಪು. ಅವನು ಬಿಳಿ ಕಾಗದದ ಚೂರಿಗೆ ಸ್ಪಿರಿಟ್ ಸೋಕಿಸಿ, ಒಂದು ಬೆರಳಿನಿಂದ ಡ್ರಮ್ಮಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೆಲ್ಲಗೆ ತಿರುಗಿಸುವನು. ಕಾಗದದ ಮೇಲೆ ಕಪ್ಪು ಗೆರೆ ಮೂಡಿದರೆ “ನೋಡಿ, ಎಷ್ಟಿತ್ತು” ಎಂದು ನಮಗೆಲ್ಲ ತೋರಿಸುವನು. ಡಾಕ್ಟರ ಮುಖದಲ್ಲೂ ನಾನು ಆ ಗಾಂಭೀರ್ಯ ಕಂಡಿಲ್ಲ. ಇಷ್ಟಾಗಿ ರಾಜಕುಮಾರ್ ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಕೆಇಬಿಯವರಿಗೆ ಬೈಯುತ್ತ ಚಾಪೆಯ ಮೇಲೇ ಮಲಗಿದವರು ಬೆಳಗಿನವರೆಗೂ ಏಳುತ್ತಿರಲಿಲ್ಲ.

ಸೀಡಿಯ ಅಂಕಿಗಳನ್ನು ಬರೆದದ್ದು ಇಂಥದೇ ತಿರುಗುವ ಡ್ರಮ್ಮು. ನಮ್ಮೂರಿಗೆ ಬಂದದ್ದು ವಿಎಚ್‌ಎಸ್, ಸ್ಟುಡಿಯೋದಲ್ಲಿದ್ದದ್ದು ಯು-ಮ್ಯಾಟಿಕ್. ಆಕಾರದಲ್ಲಿ ಅದು ದೊಡ್ಡಣ್ಣ, ಕಸುಬು ಒಂದೇ. ಎಂಬತ್ತರ ದಶಕದಲ್ಲಿ ಸೀಡಿ ಕಾರ್ಖಾನೆಗೆ ಹೋಗುತ್ತಿದ್ದ ಮಾಸ್ಟರ್ ಪ್ರತಿ ಕೂಡ ಯು-ಮ್ಯಾಟಿಕ್ ಕ್ಯಾಸೆಟ್ಟೇ. ಕ್ಯಾಸೆಟ್ಟು ಹೋಯಿತು, ಸೀಡಿಯೂ ಹೋಗುತ್ತಿದೆ, ಸಂಖ್ಯೆ ಮಾತ್ರ ಕೂತಲ್ಲೇ ಕೂತಿದೆ. ಮಲ್ಲಿಕಾರ್ಜುನ ಮನ್ಸೂರರು 78 ಸುತ್ತಿನ ತಟ್ಟೆಗೆ ಮೂರೇ ನಿಮಿಷದಲ್ಲಿ ಮುಗಿಸಿಕೊಟ್ಟ ರಾಗವನ್ನು ಈಗ ಫೋನಿನಲ್ಲಿ ಹಾಕಿದರೂ ಅದು ಬರುವುದು ಬಹುಮಟ್ಟಿಗೆ ಇದೇ ಲೆಕ್ಕದಲ್ಲಿ. ತಮಾಷೆಯೆಂದರೆ, ವಿಡಿಯೋದವರು ಆಮೇಲೆ ತಮಗೆಂದು 48,000 ಹಿಡಿದುಕೊಂಡರು. ಅದಕ್ಕೇ ಟೀವಿಗೆ ಸಿಕ್ಕಿಸುವ ಕಡ್ಡಿಗಳ ಮೂಲಕ ಹಾಡು ಹಾಕಿದರೆ ಸಾಮಾನ್ಯವಾಗಿ 44,100 ಹೋಗಿ 48,000 ಆಗಿಯೇ ಹೊರಬೀಳುತ್ತದೆ. ಕಿವಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ನನಗೆ ಮಾತ್ರ ತವರಿನವರೇ ಕೈಬಿಟ್ಟರಲ್ಲ ಅನಿಸುತ್ತದೆ.

ಹಾಗಾಗಿ ಆ ಕಡ್ಡಿ ಬೇಡವೆಂದೆ. ಬ್ಲೂಟೂತ್ ರಿಸೀವರ್ ಎಲ್ಲಕ್ಕಿಂತ ಅಗ್ಗ. ಆದರೆ ಆಲಾಪದ ನಡುವೆ ಫೋನು ಬಂದರೆ ಹಾಡು ನಿಲ್ಲುತ್ತದೆ, ಮೆಸೇಜಿನ ‘ಟಿಂಗ್’ ಹಾಲ್ ತುಂಬ ಮೊಳಗುತ್ತದೆ. ರಾಸ್ಪ್‌ಬೆರಿ ಪೈ ಎಂಬ ಇಸ್ಪೀಟೆಲೆಯಗಲದ ಕಂಪ್ಯೂಟರಿನ ಮೇಲೆ ಅಂಕಿಯನ್ನು ದನಿಯಾಗಿಸುವ ಡ್ಯಾಕ್ ಹಲಗೆ ಕೂರಿಸಿ ಮಾಡಿಕೊಂಡರೆ ದುಬಾರಿ ಪೆಟ್ಟಿಗೆಗಳ ಜೊತೆ ನಿಲ್ಲುತ್ತದೆ ಎಂದು ಸೋದರಳಿಯ ಹೇಳುತ್ತಾನೆ, ನಿಜವೂ ಹೌದು. ಕೆಟ್ಟರೆ ಅವನೇ ಬರಬೇಕು, ಅವನಿರುವುದು ಹೈದರಾಬಾದಿನಲ್ಲಿ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಬಿಲ್ಲೆ ನನ್ನಂಥವರಿಗೆಂದೇ ಮಾಡಿದಂತಿತ್ತು; 2015ರಲ್ಲಿ ಬಂದದ್ದನ್ನು 2019ರ ಆರಂಭಕ್ಕೇ ನಿಲ್ಲಿಸಿಬಿಟ್ಟರು. ಉಳಿದದ್ದು ವಿಮ್ ಮಿನಿಯಂಥ ಪುಟ್ಟ ಬಿಲ್ಲೆಗಳು. ಮನೆಯ ವೈಫೈಯಿಂದ ಹಾಡನ್ನು ತಾವೇ ಎಳೆದುಕೊಳ್ಳುತ್ತವೆ, ಫೋನು ಬರೀ ರಿಮೋಟು. ಹಾಡು ಹೊರಬರಲು ಹಿಂದೆ ಒಂದು 3.5 ಮಿ.ಮೀ. ತೂತು, ಅಂಕಿಯಾಗಿಯೇ ಹೊರಬರಲು ಒಂದು ಆಪ್ಟಿಕಲ್. ಒಂದು ತುದಿಯಲ್ಲಿ 3.5ರ ಪಿನ್ನು, ಇನ್ನೊಂದು ತುದಿಯಲ್ಲಿ ಕೆಂಪು-ಬಿಳಿ ಆರ್‌ಸಿಎ ಇರುವ ವೈರು ಹಾಕಿದರೆ ಎಂಬತ್ತರ ದಶಕದ ಆಂಪ್ಲಿಫೈಯರು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಹೇಳುವುದಾದರೆ ಆ ಬಿಲ್ಲೆಯೂ 192ರ ತನಕ ಹೋಗುತ್ತದೆ. ಹೋಗಲಿ, ನಾನೇನೂ ಕಳಿಸುವುದಿಲ್ಲ.

ಆ ಬಿಲ್ಲೆ ತೋರಿಸಿ ಅಂಗಡಿಯ ಹುಡುಗನಿಗೆ ನಾನು ಕೇಳಿದ್ದು ಒಂದೇ: “44.1 ಒಳಗೆ ಹೋದರೆ 44.1 ಆಗಿಯೇ ಆಚೆ ಬರುತ್ತಾ?” ಅವನು ಅದರ ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಒಳಗಿದ್ದ ಯಜಮಾನರನ್ನು ಕರೆದ. ಅವರು ಕನ್ನಡಕ ಏರಿಸಿಕೊಂಡು, “ಆಪ್‌ನಲ್ಲಿ ಸೆಟ್ಟಿಂಗ್ ಇದೆ, ಆಪ್ಟಿಕಲ್‌ನಲ್ಲಿ ಬದಲಾಯಿಸದೆ ಬಿಡೋದಕ್ಕೆ. ವಾಲ್ಯೂಮ್ ಫಿಕ್ಸ್ ಮಾಡ್ಕೊಳ್ಳಿ, ಹೆಚ್ಚುಕಮ್ಮಿ ಎಲ್ಲ ಆಂಪ್ಲಿಫೈಯರಲ್ಲೇ ಮಾಡಿ” ಎಂದರು. ನಮ್ಮ ಆಂಪ್ಲಿಫೈಯರಿಗೆ ಆಪ್ಟಿಕಲ್ ಇಲ್ಲ ಎಂದೆ. “ಹಂಗಾದ್ರೆ ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ, ಹಾಡು ಕೇಳಿ” ಎಂದು ಬಿಲ್ ಬರೆದರು. ಸ್ಪೀಕರಿನ ಕೋನಿನ ಸುತ್ತ ಇರುವ ಫೋಮು ಮಲೆನಾಡಿನ ಥಂಡಿಗೆ ಪುಡಿಯಾಗಿದೆ ಎಂದಾಗ ಮಾತ್ರ ಅವರ ಮುಖ ಗಂಭೀರವಾಯಿತು. ಅದನ್ನು ಹೊಸದಾಗಿ ಅಂಟಿಸುವವರು ಎರಡನೇ ಅಡ್ಡರಸ್ತೆಯಲ್ಲಿದ್ದಾರಂತೆ. ಸ್ಟ್ರೀಮರಿಗೆಂದು ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಉಳಿದದ್ದು ಅಲ್ಲಿಗೆ ಹೋಯಿತು.