ಗಿಟಾರಿಗೆ ಕಾರಿನ ಬಣ್ಣ ಹೊಡೆಸಿದ ಕತೆ

ನಮ್ಮ ಎಂವಿಪಿ ಕಾಲೋನಿ ಮನೆಯ ಹಾಲಿನಲ್ಲಿ ಎರಡು ಎಲೆಕ್ಟ್ರಿಕ್ ಗಿಟಾರ್‌ಗಳಿವೆ. ಒಂದು ನಲವತ್ತು ವರ್ಷ ಹಳೇದು, ನೋಡೋಕೆ ನಿನ್ನೆ ಶೋರೂಮಿನಿಂದ ತಂದ ಹಾಗಿದೆ. ಇನ್ನೊಂದು ಅದಕ್ಕಿಂತ ಎಷ್ಟೋ ಹೊಸದು, ನೋಡೋಕೆ ನಲವತ್ತು ವರ್ಷ ಲಾರಿ ಮೇಲೆ ಊರೂರು ಸುತ್ತಿದ ಹಾಗಿದೆ. ಮನೆಗೆ ಬಂದವರೆಲ್ಲ ತಪ್ಪದೇ ಅದಲುಬದಲು ಮಾಡ್ಕೋತಾರೆ. ನಾನು ತಿದ್ದೋಕೆ ಹೋಗಲ್ಲ. ತಿದ್ದಿದರೆ ಕತೆ ಹೇಳಬೇಕಾಗತ್ತೆ, ಕತೆಯಲ್ಲಿ ನನ್ನ ದಡ್ಡತನ ಬರತ್ತೆ.

ಇವತ್ತು ಹೇಳಿಬಿಡ್ತೀನಿ.

ಹಳೇದು ನಮ್ಮಣ್ಣನದು. ಎಂಬತ್ತರ ದಶಕದಲ್ಲಿ ಅವನು ದಾವಣಗೆರೆಯಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದ. ಗಣಪತಿ ಹಬ್ಬ ಬಂತೆಂದರೆ ಮೂರು ವಾರ ಮನೆಯಲ್ಲಿ ಅವನ ಮುಖ ಕಾಣ್ತಿರಲಿಲ್ಲ. ಗಿಟಾರು ಕಲ್ಕತ್ತಾದಲ್ಲಿ ಮಾಡಿದ್ದು, ಫೆಂಡರ್ ಸ್ಟ್ರಾಟೋಕಾಸ್ಟರಿನ ನಕಲು. ಬಣ್ಣ ಸನ್‌ಬರ್ಸ್ಟ್. ಅಂದರೆ ನಡುವೆ ಜೇನಿನ ಬಣ್ಣ, ಅಂಚಿಗೆ ಹೋಗ್ತಾ ಹೋಗ್ತಾ ಕಂದು, ಕೊನೆಗೆ ಕಪ್ಪು. ಬೆಲ್ಲದ ಪಾಕ ಬಾಣಲೆಯ ಅಂಚಿಗೆ ಹತ್ತಿದ ಹಾಗೆ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಾಗ ಅದರ ಮಾಮೂಲಿ ಬಣ್ಣ ಇದೇ, ಎರಡೇ ಛಾಯೆ. ಮಧ್ಯೆ ಕೆಂಪು ಸೇರಿದ್ದು 1958ರಲ್ಲಿ. ನನ್ನ ಮಟ್ಟಿಗೆ ಗಿಟಾರಿಗೆ ಇನ್ನೊಂದು ಬಣ್ಣವೇ ಇಲ್ಲ. ಕಪ್ಪು ಹೊಡೆದರೆ ಹಾರ್ಮೋನಿಯಂ ಪೆಟ್ಟಿಗೆ, ಬಿಳಿ ಹೊಡೆದರೆ ಫ್ರಿಜ್ಜು. ಮರ ಕಾಣಬೇಕು ಸ್ವಾಮಿ!

ಅಣ್ಣನ ಬಲ ಮುಂಗೈ ಒರಗುವ ಜಾಗದಲ್ಲಿ ಬಣ್ಣವೆಲ್ಲ ಹೋಗಿ, ಅಂಗೈಯಗಲ ಬರೀ ಮರ ಉಳಿದಿತ್ತು. ಹಳೇ ಮನೆಯ ಹೊಸಿಲಿನ ಹಾಗೆ ನುಣುಪು. ಹಿಂದುಗಡೆ ಬೆಲ್ಟಿನ ಬಕಲ್ ಗೀರಿದ ಗುರುತು. ತಲೆಯ ಹತ್ತಿರ ಒಂದು ಸುಟ್ಟ ಕಲೆ. ಸಿಗರೇಟನ್ನು ತಂತಿಯ ತುದಿಗೆ ಸಿಕ್ಕಿಸಿಟ್ಟು ಹಾಡಿನ ನಡುವೆ ಮರೆತದ್ದು. ಅಪ್ಪ ಹತ್ತಿರ ಬಂದರೆ ಅಣ್ಣ ಆ ಕಲೆಯ ಮೇಲೆ ಹೆಬ್ಬೆರಳಿಟ್ಟು ಹಿಡೀತಿದ್ದ. 1991ರಲ್ಲಿ ನನಗೆ ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿತು. ಅವನಿಗೆ ಮದುವೆಯಾಗಿ ಬಟ್ಟೆ ಅಂಗಡಿ ಗಂಟುಬಿದ್ದಿತ್ತು. "ನೀನೇ ಇಟ್ಕೊಳಲೇ" ಅಂತ ರೈಲ್ವೆ ಸ್ಟೇಷನ್ನಿನಲ್ಲಿ ಕೈಗೆ ಕೊಟ್ಟ.

ನಾನು ಅದನ್ನು ನುಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಇಲ್ಲಿ ಸಮುದ್ರ ಹತ್ತಿರ ನೋಡಿ, ಉಪ್ಪುಗಾಳಿ ಯಾವ ಲೋಹವನ್ನೂ ಬಿಡಲ್ಲ. ಹೊಸ ತಂತಿ ಹಾಕಿದರೆ ತಿಂಗಳಿಗೆ ಬೆರಳಿಗೆ ತುಕ್ಕು ಹತ್ತತ್ತೆ. ಬ್ರಿಜ್ಜಿನ ಸ್ಕ್ರೂಗಳೆಲ್ಲ ಕಂದು ತಿರುಗಿದವು.

2014ರ ಅಕ್ಟೋಬರ್ 12, ಭಾನುವಾರ, ಹುದ್‌ಹುದ್ ಚಂಡಮಾರುತ ಬಂತು. ನಮ್ಮ ಕಿಟಕಿಯ ಗಾಜು ಹೋಗಿ ಮಳೆ ಅಡ್ಡಡ್ಡ ಒಳಗೆ ನುಗ್ಗಿತು. ಕೈಲಾಸಗಿರಿ ಬೆಟ್ಟದ ಹಸಿರು ಒಂದೇ ದಿನಕ್ಕೆ ಸುಟ್ಟ ಹಾಗಾಯ್ತು. ಕರೆಂಟಿಲ್ಲ, ನೀರಿಲ್ಲ, ಮಂಚದ ಕೆಳಗಿದ್ದ ಗಿಟಾರ್ ಪೆಟ್ಟಿಗೆ ಯಾರಿಗೆ ನೆನಪಿರತ್ತೆ? ಎಂಟನೇ ದಿನ ತೆಗೆದರೆ ಒಳಗೆ ಬೂಷ್ಟಿನ ವಾಸನೆ. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು.

ಒಬ್ಬ ಕಾರ್ ಪೇಂಟರ್ ಪರಿಚಯವಿದ್ದ, ಒಳ್ಳೇ ಕೆಲಸಗಾರ. ಅವನ ಹತ್ತಿರ ಒಯ್ದೆ. ಎಲ್ಲ ಉಜ್ಜಿ, ಪಟ್ಟಿ ಹಾಕಿ, ಪ್ರೈಮರ್ ಕೊಟ್ಟು, ಮೆಟಾಲಿಕ್ ನೀಲಿ ಹೊಡೆದು, ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಕೊಟ್ಟ. ಅವನ ಕೆಲಸದಲ್ಲಿ ಒಂದೇ ಒಂದು ತಪ್ಪಿಲ್ಲ. "ಒಂದು ಗೀರೂ ಉಳೀಬಾರದು" ಅಂತ ಹೇಳಿದ್ದು ನಾನು.

2016ರಲ್ಲಿ ಅಣ್ಣ, ಅತ್ತಿಗೆ ಸಿಂಹಾಚಲಕ್ಕೆ ಅಂತ ಬಂದರು. ನಾನು ದೊಡ್ಡ ಉಡುಗೊರೆ ಕೊಡುವವನ ಹಾಗೆ ಗಿಟಾರ್ ತಂದು ಅವನ ತೊಡೆ ಮೇಲಿಟ್ಟೆ. ಅವನು ಮುಂಗೈ ಇಟ್ಟ, ತೆಗೆದ, ಮತ್ತೆ ಇಟ್ಟ. ಹೆಬ್ಬೆರಳು ತಲೆಯ ಹತ್ತಿರ ಹೋಗಿ ಏನೋ ಹುಡುಕಿ ಬಂತು. "ಯಾರದಲೇ ಇದು?" ಅಂದ.

ತಮಾಷೆಗೆ ಕೇಳಿದ್ದಲ್ಲ.

ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳೋಕೆ ಗಿಟಾರ್ ಬಣ್ಣಗಳ ಬಗ್ಗೆ ಓದೋಕೆ ಶುರುಮಾಡಿದೆ. ಒಂದು ವಿಷಯ ಖುಷಿ ಕೊಟ್ಟಿತು. ಕಾರಿನ ಬಣ್ಣ ಹೊಡೆಯೋದನ್ನ ಫೆಂಡರಿನವರೇ ಮಾಡಿದ್ದರು! ಐವತ್ತು-ಅರವತ್ತರ ದಶಕದ ಅವರ ಫಿಯೆಸ್ಟಾ ರೆಡ್, ಲೇಕ್ ಪ್ಲಾಸಿಡ್ ಬ್ಲೂ ಎಲ್ಲಾ ಡುಪಾಂಟ್ ಕಂಪನಿಯ ಕಾರಿನ ಬಣ್ಣಗಳು. ಆ ನೀಲಿ ಕ್ಯಾಡಿಲಾಕ್ ಕಾರಿನದು. ಆದರೆ ಸಮಾಧಾನ ಬಹಳ ಹೊತ್ತು ಉಳೀಲಿಲ್ಲ. ಅವತ್ತಿನ ಲ್ಯಾಕರ್ ತೆಳು. ಬೆವರಿಗೆ ಕರಗತ್ತೆ, ಸವೆಯತ್ತೆ, ಹಳದಿ ತಿರುಗತ್ತೆ. ಬಿಳಿ ಗಿಟಾರ್ ಕೆನೆ ಬಣ್ಣಕ್ಕೆ, ನೀಲಿ ಗಿಟಾರ್ ಹಸಿರಿಗೆ. ಅರವತ್ತರ ದಶಕದ ಕೊನೆಗೆ ಪಾಲಿಯೆಸ್ಟರ್ ಬಂತು, ದಪ್ಪ ಪದರ, ಜಪ್ಪಯ್ಯ ಅಂದರೂ ಸವೆಯಲ್ಲ. ನಾನು ಹೊಡೆಸಿದ್ದೂ ಅದೇ ಜಾತಿ. ಅಣ್ಣ ಇನ್ನು ನಲವತ್ತು ವರ್ಷ ನುಡಿಸಿದರೂ ಅಲ್ಲಿ ಮರ ಕಾಣಲ್ಲ.

ಇಷ್ಟರಲ್ಲಿ, 2022ರಲ್ಲಿ, ಮಗ ಹೈದರಾಬಾದಿನಿಂದ ಒಂದು ಸೆಕೆಂಡ್ ಹ್ಯಾಂಡ್ ಫೆಂಡರ್ ತಂದ. ರೋಡ್ ವೋರ್ನ್ ಅಂತ ಅದರ ಹೆಸರು. ಸನ್‌ಬರ್ಸ್ಟ್, ಮುಂಗೈ ಜಾಗದಲ್ಲಿ ಅಂಗೈಯಗಲ ಬಣ್ಣ ಹೋಗಿದೆ, ಹಿಂದೆ ಬಕಲ್ ಗೀರು. ನನಗೆ ಎದೆ ಧಸಕ್ ಅಂತು. "ಯಾರು ನುಡಿಸಿದ್ದೋ ಇದನ್ನ?" ಅಂದೆ. "ಯಾರೂ ಇಲ್ಲಪ್ಪ, ಫ್ಯಾಕ್ಟರಿಯಿಂದಲೇ ಹೀಗೆ ಬರತ್ತೆ" ಅಂದ.

ಫೆಂಡರ್ ಕಸ್ಟಮ್ ಶಾಪ್ 1995ರಲ್ಲಿ ರೆಲಿಕ್ ಅಂತ ಇದನ್ನು ಶುರುಮಾಡಿತು. ಹೊಸ ಗಿಟಾರಿಗೆ ಬಣ್ಣ ಹೊಡೆದು, ಆಮೇಲೆ ಉಜ್ಜಿ, ಕೆತ್ತಿ, ಲೋಹಕ್ಕೆ ತುಕ್ಕು ಬರಿಸಿ ಮಾರೋದು. ಗಿಬ್ಸನ್ ಕಂಪನಿ ಇದಕ್ಕೆಂದೇ ಮರ್ಫಿ ಲ್ಯಾಬ್ ಇಟ್ಟಿದೆ. ಕೆಲವು ಗಿಟಾರ್‌ಗಳ ಮೈಮೇಲೆ ಸಣ್ಣ ಸಣ್ಣ ಬಿರುಕಿನ ಜಾಲವೂ ಇರತ್ತೆ. ಮಂಜು ಬೀಳುವ ಊರಿನಲ್ಲಿ ಗಿಟಾರನ್ನು ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದಾಗ ಲ್ಯಾಕರ್ ಬಿರಿಯೋದು ಹಾಗೆ. ಸ್ವೆಟರ್ರೇ ಬೇಡದ ವಿಶಾಖಪಟ್ಟಣದಲ್ಲಿ ಆ ಬಿರುಕು ಹೊತ್ತ ಗಿಟಾರ್, ಅಳಿಯನ ಕೋಟು ಹಾಕಿಕೊಂಡ ಮಾವನ ಹಾಗೆ.

ಐರ್ಲೆಂಡಿನ ರೋರಿ ಗ್ಯಾಲಘರ್ 1963ರಲ್ಲಿ ಕೊಂಡ ಸ್ಟ್ರಾಟೋಕಾಸ್ಟರ್ ಇದೆಯಲ್ಲ, ಬಣ್ಣ ಹೆಚ್ಚುಕಮ್ಮಿ ಪೂರ್ತಿ ಹೋಗಿ ಮರವೇ ಉಳಿದದ್ದು, ಅದನ್ನೂ ಗೀರು ಗೀರು ಸಮೇತ ನಕಲು ಮಾಡಿ ಮಾರಿದರು. ಅಸಲಿ 2024ರಲ್ಲಿ ಹರಾಜಾಗಿ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂ ಪಾಲಾಯ್ತು. ಅವನ ಬೆವರನ್ನ ನಾನು ದುಡ್ಡು ಕೊಟ್ಟು ತರೋದೇ? ಇದನ್ನು ಮಗನಿಗೆ ಹೇಳಿ ಜಗಳ ತೆಗೆದೆ. ಅವನು ಹೇಳಿದ್ದು ಒಂದೇ: "ಹೊಸ ಗಿಟಾರಾದ್ರೆ ಮೊದಲ ಗೀರು ಬೀಳೋ ತನಕ ಭಯ. ಇದಕ್ಕೆ ಭಯ ಇಲ್ಲ, ನುಡಿಸ್ತೀನಿ. ನೀನು ನಿಂದನ್ನ ಒರೆಸ್ತೀಯ."

ಉತ್ತರ ಹೊಳೀಲಿಲ್ಲ.

2023ರಲ್ಲಿ ಇನ್ನೊಂದು ಪ್ರಯತ್ನ ಮಾಡಿದೆ. ಇಲ್ಲಿಂದ ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ವರಾಹ ನದಿ ದಂಡೆಯಲ್ಲಿ ಏಟಿಕೊಪ್ಪಾಕ ಇದೆ. ನಮ್ಮ ಚನ್ನಪಟ್ಟಣದ ಹಾಗೇ ಅರಗಿನ ಬೊಂಬೆಗಳ ಊರು. ಮರವೂ ಅದೇ, ನಮ್ಮವರು ಆಲೆಮರ ಅಂದರೆ ಇವರು ಅಂಕುಡು. ಬಣ್ಣಗಳನ್ನು ಗಿಡಮೂಲಿಕೆಯಿಂದ ತೆಗೆಯೋ ಕೆಲಸಕ್ಕೆ ಅಲ್ಲಿನ ಸಿ.ವಿ. ರಾಜು ಅವರಿಗೆ ಅದೇ ವರ್ಷ ಪದ್ಮಶ್ರೀ ಬಂದಿತ್ತು. ಗಿಟಾರಿಗೆ ಅರಗಿನ ಸನ್‌ಬರ್ಸ್ಟ್ ಕೊಡಿಸಿದರೆ ಹೇಗೆ ಅಂತ ನನ್ನ ಲೆಕ್ಕ. ಅಲ್ಲಿ ಬೊಂಬೆ ಮಾಡುವವರೊಬ್ಬರು ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. ಲೇತಿನಲ್ಲಿ ಮರ ಗರಗರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಬೇಕು, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯತ್ತೆ, ಆಮೇಲೆ ಗರಿ ಒತ್ತಿ ಹೊಳಪು. ತಿರುಗದ ವಸ್ತುವಿಗೆ ಈ ವಿದ್ಯೆ ನಡೆಯಲ್ಲ. ಗಿಟಾರಿನ ಮೈ ಚಪ್ಪಟೆ.

"ದುಂಡಗಿರೋದು ಇದರಲ್ಲಿ ಏನೂ ಇಲ್ವಾ?" ಅಂತ ಅವರೇ ಕೇಳಿದರು.

ಇತ್ತು. ಮೂರು ಗುಂಡಿಗಳು, ಒಂದು ವಾಲ್ಯೂಮ್, ಎರಡು ಟೋನ್. ಅರ್ಧ ಗಂಟೆಯಲ್ಲಿ ಮೂರನ್ನೂ ಕಡೆದು, ನಡುವೆ ಹಳದಿ, ಅಂಚಿಗೆ ಕಂದು ಅರಗು ಹಿಡಿಸಿ ಕೊಟ್ಟರು. ಆ ಮೆಟಾಲಿಕ್ ನೀಲಿಯ ಮೇಲೆ ಅವು ಚೂರೂ ಒಪ್ಪಲ್ಲ. ನನ್ನವಳಂತೂ ಜಾತ್ರೆ ಬತ್ತಾಸು ಅಂದಳು.

ಹೋದ ವರ್ಷ ಅಣ್ಣ ಮತ್ತೆ ಬಂದಿದ್ದ. ಮೊದಲು ಮಗನ ಗಿಟಾರ್ ತಗೊಂಡ. ಮುಂಗೈ ಆ ಫ್ಯಾಕ್ಟರಿ ಸವೆಸಿದ ಜಾಗದಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. "ಇದು ಚಲೋ ಐತಲೇ" ಅಂದು ಒಂದು ತಾಸು ನುಡಿಸಿದ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಿದ್ದೆ. ಆಮೇಲೆ ನೀಲಿಯದನ್ನೂ ಎತ್ತಿಕೊಂಡ, ಗುಂಡಿ ನೋಡಿ ಎಲ್ಲಿಯದು ಅಂತ ಕೇಳಿದ, ಹೇಳಿದೆ. ಹತ್ತು ದಿನ ಇದ್ದ. ದಿನಾ ಸಂಜೆ ಅದನ್ನೇ ನುಡಿಸಿದ.

ಮೊನ್ನೆ ಒರೆಸುವಾಗ ನೋಡಿದೆ, ವಾಲ್ಯೂಮಿನ ಗುಂಡಿಯ ಅಂಚಿನಲ್ಲಿ ಹೊಳಪು ಒಂಚೂರು ಮಾಸಿದೆ. ಉಳಿದೆರಡು ಹೊಸದರ ಹಾಗೇ ಇವೆ. ಟೋನ್ ಮುಟ್ಟುವ ಅಭ್ಯಾಸ ಅಣ್ಣನಿಗೆ ಮೊದಲಿಂದಲೂ ಇಲ್ಲ.