ಜೋರಾಳ ಮಗ



ಅಮೆರಿಕದವರು ‘ಫುಟ್ಬಾಲ್’ ಎಂದು ಕರೆಯುವ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿಯ ಚೆಂಡು ದುಂಡಗಿಲ್ಲ. ಎರಡು ತುದಿಗಳಲ್ಲಿಯೂ ಚೂಪಾಗಿ ಮೊಟ್ಟೆಯನ್ನು ಹೋಲುತ್ತದೆ. ಅದನ್ನು ಕಾಲಿನಿಂದ ಒದೆಯುವುದು ಅಪರೂಪ. ತೋಳಿನಲ್ಲಿ ಅವುಚಿಕೊಂಡು ಓಡುವುದು ಅಥವಾ ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯುವುದೇ ಹೆಚ್ಚು. ಒಂದೊಂದು ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಹೊಂದಿದ ತಂಡಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ ಹತ್ತು ಗಜ ಮುನ್ನಡೆಯಬೇಕು, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು.

ಈ ಹನ್ನೊಂದು ಮಂದಿಯಲ್ಲಿ ಕೆಲವರು ಪ್ರತಿ ಬಾರಿಯೂ ಚೆಂಡಿನ ಗೆರೆಯ ಬಳಿ ಕೈಯನ್ನು ನೆಲಕ್ಕೂರಿ, ಬಾಗಿ ನಿಲ್ಲುತ್ತಾರೆ. ಇವರನ್ನು ಲೈನ್‌ಮನ್‌ಗಳೆನ್ನುತ್ತಾರೆ. ಚೆಂಡು ಚಲಿಸಿದ ಕ್ಷಣದಲ್ಲಿ ಎದುರಿನವನ ಮೇಲೆ ಇಡೀ ದೇಹವನ್ನು ಒಡ್ಡಿ ತಳ್ಳುವುದೇ ಇವರ ಕೆಲಸ. ಒಂದು ತಂಡದ ಐವರು ತಮ್ಮ ಓಟಗಾರನಿಗೆ ದಾರಿ ಮಾಡಿಕೊಡಲು ತಳ್ಳುತ್ತಾರೆ. ಎದುರು ತಂಡದವರು ಆ ದಾರಿಯನ್ನು ಮುಚ್ಚಲು ತಳ್ಳುತ್ತಾರೆ. ಚೆಂಡನ್ನು ಹಿಡಿಯುವ ಭಾಗ್ಯ ಇವರಿಗೆ ತೀರ ವಿರಳ. ದೂರದರ್ಶನದ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುವುದರಿಂದ ನೋಡುವವರ ಕಣ್ಣಿಗೂ ಇವರು ಬೀಳುವುದು ಕಡಿಮೆ. ನಿಯಮ ಮುರಿದು ತಂಡಕ್ಕೆ ದಂಡ ತಂದಾಗ ಮಾತ್ರ ಇವರ ಅಂಗಿಯ ಸಂಖ್ಯೆಯನ್ನು ತೀರ್ಪುಗಾರರು ಎಲ್ಲರಿಗೂ ಕೇಳುವಂತೆ ಘೋಷಿಸುತ್ತಾರೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ದೇಹದ ಅಂಗಾಂಗಗಳ ಕುರಿತು, ಅದರಲ್ಲಿಯೂ ಗೌರವ ಕಡಿಮೆಯೆಂದು ನಾವೆಣಿಸುವ ಅಂಗಗಳ ಕುರಿತು, ಹೇಳಿರುವುದನ್ನು ಬೋಧಿಸುವಾಗ ನನಗೆ ಈ ಲೈನ್‌ಮನ್‌ಗಳ ನೆನಪಾಗುವುದುಂಟು. ಅವರಲ್ಲಿ ಒಬ್ಬನ ಕಥೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಅವನ ಹೆಸರು ಕ್ರಿಸ್ ಜೋರಿಚ್.

ಕ್ರಿಸ್ ಹುಟ್ಟಿದ್ದು 1969ರಲ್ಲಿ, ಶಿಕಾಗೋ ಮಹಾನಗರದಲ್ಲಿ. ತಾಯಿ ಜೋರಾ ಯುಗೊಸ್ಲಾವ್ ಮೂಲದ ಬಿಳಿಯ ಮಹಿಳೆ. ತಂದೆ ಕರಿಯ ಜನಾಂಗದವರು. ಆ ತಂದೆ ಮಗು ಹುಟ್ಟುವ ಮುನ್ನವೇ ದೂರವಾಗಿದ್ದರು. ನಗರದ ದಕ್ಷಿಣ ಭಾಗದ ಬಡ ಬಡಾವಣೆಯೊಂದರಲ್ಲಿ ತಾಯಿ–ಮಗ ಇಬ್ಬರೇ ಬದುಕಿದರು. ಜೋರಾ ಅವರಿಗೆ ಮಧುಮೇಹವಿತ್ತು, ಆದಾಯವೆಂದರೆ ಸರ್ಕಾರದ ನೆರವಿನ ಹಣ. ಆ ಹಣ ತಿಂಗಳ ಕೊನೆಯವರೆಗೆ ಸಾಲದಾಗ ದಿನಸಿ ಅಂಗಡಿಯ ಹಿಂಬದಿಯಲ್ಲಿ ಎಸೆದಿರುತ್ತಿದ್ದ ಆಹಾರವನ್ನು ಆಯ್ದು ತಂದು, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬೇಯಿಸಿ ಮಗನಿಗೆ ಉಣಿಸುತ್ತಿದ್ದರು. ಮೈಬಣ್ಣದ ಕಾರಣದಿಂದ ಆ ಹುಡುಗ ಬೀದಿಯಲ್ಲಿ ಹೀಯಾಳಿಕೆಗೂ ಹೊಡೆತಕ್ಕೂ ಗುರಿಯಾಗುತ್ತಿದ್ದ. ಇಷ್ಟೆಲ್ಲದರ ನಡುವೆಯೂ, ಇದ್ದುದರಲ್ಲಿ ನೆರೆಯವರಿಗೆ ಕೊಡುವುದನ್ನು ತಾಯಿ ಬಿಟ್ಟವರಲ್ಲವೆಂದು ಮಗ ಮುಂದೆ ಹೇಳಿಕೊಂಡಿದ್ದಾರೆ. ದೇವಾಲಯದ ಕಾಣಿಕೆಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ವಿಧವೆಯ ಪ್ರಸಂಗವನ್ನು ಓದುವಾಗ, ಅವಳು ಅಂದು ರಾತ್ರಿ ಏನು ಉಂಡಳೆಂಬ ಪ್ರಶ್ನೆ ನನ್ನನ್ನು ಎಂದಿನಿಂದಲೂ ಕಾಡಿದೆ. ಜೋರಾ ಅವರ ಅಡುಗೆಮನೆ ಆ ಪ್ರಶ್ನೆಯನ್ನು ಇನ್ನಷ್ಟು ಹತ್ತಿರ ತರುತ್ತದೆ.

ಶಿಕಾಗೋ ವೊಕೇಷನಲ್ ಪ್ರೌಢಶಾಲೆಯಲ್ಲಿ ಹುಡುಗ ಫುಟ್ಬಾಲ್ ಆಡಿ ಬೆಳೆದ. 1987ರಲ್ಲಿ ಅವನಿಗೆ ನೋಟ್ರ ಡೇಮ್ ವಿಶ್ವವಿದ್ಯಾಲಯದ ಕ್ರೀಡಾ ವಿದ್ಯಾರ್ಥಿವೇತನ ದೊರೆಯಿತು. ಇಂಡಿಯಾನಾ ರಾಜ್ಯದಲ್ಲಿರುವ ಈ ವಿಶ್ವವಿದ್ಯಾಲಯವನ್ನು 1842ರಲ್ಲಿ ಸ್ಥಾಪಿಸಿದವರು ಪವಿತ್ರ ಶಿಲುಬೆಯ ಸಭೆಯ ಫಾದರ್ ಎಡ್ವರ್ಡ್ ಸೋರಿನ್. ಹೆಸರೇ ಮಾತೆ ಮರಿಯಮ್ಮನವರದು. ಮುಖ್ಯ ಕಟ್ಟಡದ ಚಿನ್ನದ ಗುಮ್ಮಟದ ಮೇಲೆ ನಿಂತಿರುವುದೂ ಆ ತಾಯಿಯ ಪ್ರತಿಮೆಯೇ. ಅಮೆರಿಕಕ್ಕೆ ವಲಸೆ ಬಂದ ಬಡ ಕಥೋಲಿಕರು ಒಂದು ಕಾಲದಲ್ಲಿ ಈ ಕಾಲೇಜಿನ ತಂಡದ ಗೆಲುವನ್ನು ತಮ್ಮ ಮನೆಯ ಗೆಲುವೆಂದೇ ಬಗೆದಿದ್ದರು.

ಮೊದಲ ವರ್ಷ ಕ್ರಿಸ್ ಯಾವ ಪಂದ್ಯದಲ್ಲಿಯೂ ಆಡಲಿಲ್ಲ. ತರಬೇತುದಾರ ಲೂ ಹೋಲ್ಟ್ಜ್ ಅವನನ್ನು ಹಿಂದಿನ ಸಾಲಿನಿಂದ ತೆಗೆದು ‘ನೋಸ್ ಟ್ಯಾಕಲ್’ ಎಂಬ ಸ್ಥಾನಕ್ಕೆ ತಂದರು. ಎದುರಾಳಿ ಸಾಲಿನ ನಟ್ಟನಡುವೆ ಚೆಂಡಿನ ಮೇಲೆ ಕೈಯಿಟ್ಟು ಬಾಗಿರುವ ಆಟಗಾರನ ಮೂಗಿಗೆ ಮೂಗು ತಾಗುವಂತೆ ನಿಲ್ಲುವವನೇ ಈ ನೋಸ್ ಟ್ಯಾಕಲ್. ಒಬ್ಬನಲ್ಲ, ಹಲವು ಬಾರಿ ಇಬ್ಬರು ಏಕಕಾಲದಲ್ಲಿ ಅವನ ಮೇಲೆರಗುತ್ತಾರೆ. ಆರಡಿ ಒಂದಂಗುಲ ಎತ್ತರ, ಸುಮಾರು 120 ಕಿಲೋ ತೂಕದ ಕ್ರಿಸ್ ನಮ್ಮ ಕಣ್ಣಿಗೆ ದೈತ್ಯನಾದರೂ ಆ ಸ್ಥಾನಕ್ಕೆ ಕುಳ್ಳನೇ ಸರಿ. ಅವನ ಬಲವಿದ್ದುದು ಮೊದಲ ಹೆಜ್ಜೆಯ ವೇಗದಲ್ಲಿ. 1988ರಲ್ಲಿ ಆ ತಂಡ ಆಡಿದ ಹನ್ನೆರಡು ಪಂದ್ಯಗಳನ್ನೂ ಗೆದ್ದಿತು. ಅಕ್ಟೋಬರ್ 15ರಂದು ಮಯಾಮಿ ವಿಶ್ವವಿದ್ಯಾಲಯವನ್ನು 31–30ರಿಂದ, 1989ರ ಜನವರಿ 2ರಂದು ವೆಸ್ಟ್ ವರ್ಜೀನಿಯಾವನ್ನು 34–21ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಮುಂದಿನ ಎರಡು ವರ್ಷವೂ ಕ್ರಿಸ್ ದೇಶದ ಶ್ರೇಷ್ಠ ಕಾಲೇಜು ಆಟಗಾರರ ಪಟ್ಟಿಯಲ್ಲಿದ್ದ. 1990ರಲ್ಲಿ ಅವನಿಗೆ ಲೊಂಬಾರ್ಡಿ ಪ್ರಶಸ್ತಿ ಬಂದಿತು.

ಈ ಲೊಂಬಾರ್ಡಿಯವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಸಾಗಲಾರೆ. ವಿನ್ಸ್ ಲೊಂಬಾರ್ಡಿ ಹದಿಹರೆಯದಲ್ಲಿ ಗುರುವಾಗಬೇಕೆಂದು ನ್ಯೂಯಾರ್ಕಿನ ಕಿರಿಯ ಗುರುಮಠವನ್ನು ಸೇರಿ, ಕೆಲವು ವರ್ಷಗಳ ನಂತರ ಬಿಟ್ಟುಬಂದವರು. ಬಳಿಕ ಯೇಸುಸಭೆಯವರ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಅವರೂ ಲೈನ್‌ಮನ್ ಆಗಿಯೇ ಆಡಿದರು. 1936ರ ಆ ಸಾಲಿನ ಏಳು ಮಂದಿಯನ್ನು ಜನ ‘ಏಳು ಕಗ್ಗಲ್ಲುಗಳು’ ಎಂದು ಕರೆಯುತ್ತಿದ್ದರು. ಅದಕ್ಕೇ ಅವರ ಹೆಸರಿನ ಪ್ರಶಸ್ತಿಯ ಫಲಕವೂ ಆಗ ಕಗ್ಗಲ್ಲಿನ ತುಂಡಾಗಿತ್ತು. ತರಬೇತುದಾರರಾಗಿ ದೇಶವೆಲ್ಲ ಕೊಂಡಾಡಿದ ಕಾಲದಲ್ಲಿಯೂ ಅವರು ದಿನಂಪ್ರತಿ ಬಲಿಪೂಜೆಗೆ ಹೋಗುವುದನ್ನು ತಪ್ಪಿಸಲಿಲ್ಲ. ಗುರುಮಠವನ್ನು ಅರ್ಧಕ್ಕೆ ಬಿಟ್ಟವರನ್ನು ಕುರಿತು ನಮ್ಮ ಕುಟುಂಬಗಳಲ್ಲಿ ಪಿಸುಮಾತನಾಡುವವರು ಇದನ್ನು ತುಸು ಗಮನಿಸಬೇಕು.

ಇನ್ನು ಹಣದ ವಿಷಯ. ಆಗಿನ ನಿಯಮದಂತೆ ಕಾಲೇಜು ಆಟಗಾರನಿಗೆ ಶುಲ್ಕ, ವಸತಿ, ಊಟ, ಪುಸ್ತಕ ಇಷ್ಟು ಸಿಗಬಹುದಿತ್ತು. ಆಟದಿಂದ ಒಂದು ಡಾಲರನ್ನೂ ಅವನು ಗಳಿಸುವಂತಿರಲಿಲ್ಲ. ನೋಟ್ರ ಡೇಮ್ ಕ್ರೀಡಾಂಗಣದಲ್ಲಿ ಅಂದು 59,075 ಆಸನಗಳಿದ್ದವು. 1990ರಲ್ಲಿ ವಿಶ್ವವಿದ್ಯಾಲಯವು ಎನ್‌ಬಿಸಿ ದೂರದರ್ಶನ ಸಂಸ್ಥೆಯೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದರ ಮೌಲ್ಯ 3 ಕೋಟಿ 80 ಲಕ್ಷ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು. ಆ ಹಣದ ಒಂದು ಪಾಲು ಸಾಮಾನ್ಯ ವಿದ್ಯಾರ್ಥಿಗಳ ಸಹಾಯಧನಕ್ಕೆ ಹೋಯಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆಟಗಾರನಿಗೆ ಕೊಟ್ಟ ವಿದ್ಯೆಯೂ ಅಲ್ಪವಲ್ಲ. ಆದರೂ ಆ ಗೆರೆಯ ಮೇಲೆ ದೇಹವೊಡ್ಡಿ ನಿಂತ ಮಗನ ತಾಯಿ ಶಿಕಾಗೋದ ಅದೇ ಬಡಾವಣೆಯಲ್ಲಿ, ಅದೇ ಕಾಯಿಲೆಯೊಡನೆ, ಅದೇ ನೆರವಿನ ಹಣದಲ್ಲಿ ದಿನ ದೂಡುತ್ತಿದ್ದಳು. ‘ಹವ್ಯಾಸಿ ಕ್ರೀಡೆಯ ಪಾವಿತ್ರ್ಯ’ ಎಂಬ ಮಾತನ್ನು ನಾನು ಅನೇಕ ಬಾರಿ ಓದಿದ್ದೇನೆ. ಕೂಲಿಯವನಿಗೆ ಅವನ ಕೂಲಿ ಸಲ್ಲಬೇಕೆಂದು ಬೋಧಿಸುವ ಧರ್ಮಸಭೆಯ ಸಂಸ್ಥೆಯೊಂದು ಆ ಮಾತಿನ ಆಶ್ರಯದಲ್ಲಿ ಇಷ್ಟು ಕಾಲ ನೆಮ್ಮದಿಯಿಂದಿತ್ತೆಂಬುದು ನನಗೆ ಸಮಾಧಾನ ತರುವುದಿಲ್ಲ. ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳಿಂದ ಗಳಿಸಲು ಅನುಮತಿ ದೊರೆತದ್ದು 2021ರಲ್ಲಿ. ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಲು ನ್ಯಾಯಾಲಯ ಒಪ್ಪಿದ್ದು 2025ರಲ್ಲಿ. ಜೋರಾ ಅವರಿಗೆ ಇದಾವುದೂ ದಕ್ಕಲಿಲ್ಲ.

1991ರ ಜನವರಿ 1ರಂದು, ಕ್ರಿಸ್ ಕಾಲೇಜು ತಂಡದ ಪರವಾಗಿ ಕೊನೆಯ ಬಾರಿ ಆಡಿದ. ಮಯಾಮಿಯ ಆರೆಂಜ್ ಬೌಲ್ ಪಂದ್ಯ, ಎದುರಾಳಿ ಕೊಲರಾಡೋ. ಕೊನೆಯ ನಿಮಿಷದಲ್ಲಿ ನೋಟ್ರ ಡೇಮ್‌ನ ಓಟಗಾರ ರಗೀಬ್ ಇಸ್ಮಾಯಿಲ್ ಚೆಂಡು ಹಿಡಿದು 91 ಗಜ ಓಡಿ ಗೆರೆ ದಾಟಿದ. ಆದರೆ ತಂಡದ ಇನ್ನೊಬ್ಬ ನಿಯಮಬಾಹಿರವಾಗಿ ತಡೆದಿದ್ದನೆಂದು ಆ ಓಟವನ್ನು ರದ್ದುಗೊಳಿಸಿದರು. 10–9ರಿಂದ ನೋಟ್ರ ಡೇಮ್ ಸೋತಿತು. ಎದುರಾಳಿಗಳನ್ನು ಹತ್ತು ಬಾರಿ ನೆಲಕ್ಕುರುಳಿಸಿದ ಕ್ರಿಸ್ ತನ್ನ ತಂಡದ ಅತ್ಯುತ್ತಮ ಆಟಗಾರನೆಂದು ಆಯ್ಕೆಯಾದ.

ಮರುದಿನ ಅವನು ಶಿಕಾಗೋದ ಮನೆಗೆ ಹೋದ. ಬಾಗಿಲು ತಟ್ಟಿದ. ಒಳಗಿನಿಂದ ಉತ್ತರವಿಲ್ಲ. ಬಾಗಿಲು ಮುರಿದು ಒಳಹೊಕ್ಕಾಗ ತಾಯಿ ನೆಲದ ಮೇಲೆ ಬಿದ್ದಿದ್ದಳು. ಪ್ರಾಣ ಹೋಗಿತ್ತು.

ನಾಯಿನ್ ಊರಿನ ಹೆಬ್ಬಾಗಿಲಲ್ಲಿ ಯೇಸುಸ್ವಾಮಿ ಎದುರುಗೊಂಡದ್ದು ಒಬ್ಬ ವಿಧವೆಯನ್ನೂ ಅವಳ ಒಬ್ಬನೇ ಮಗನ ಶವವನ್ನೂ. ಇಲ್ಲಿ ಚಟ್ಟದ ಮೇಲಿದ್ದವಳು ತಾಯಿ, ಅಳುತ್ತ ನಿಂತವನು ಒಬ್ಬನೇ ಮಗ. ಆ ಚಟ್ಟವನ್ನು ಯಾರೂ ಮುಟ್ಟಿ ನಿಲ್ಲಿಸಲಿಲ್ಲ. ಇದಕ್ಕೆ ಅರ್ಥ ಹೇಳಿರೆಂದು ನನ್ನನ್ನು ಕೇಳಿದರೆ ನಾನು ಸುಮ್ಮನಿರುತ್ತೇನೆ. ಅಂತ್ಯಕ್ರಿಯೆಗಳಲ್ಲಿ ಗುರುಗಳಾದ ನಾವು ಸಾವಿಗೆ ಬಲು ಬೇಗ ಅರ್ಥ ಹೇಳಿಬಿಡುತ್ತೇವೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಮಕ್ಕಳೆಲ್ಲ ದೂರದೂರಿನಲ್ಲಿದ್ದು ಒಬ್ಬಂಟಿಯಾಗಿ ಬಾಳುವ ತಾಯಂದಿರನ್ನು ಮನೆಭೇಟಿಯ ವೇಳೆ ಕಾಣುತ್ತೇನೆ. ಕರೆಗಂಟೆ ಒತ್ತಿದ ಮೇಲೆ ಚಪ್ಪಲಿಯ ಸದ್ದು ಕೇಳಿಸುವುದು ತಡವಾದರೆ ನನಗೆ ಆತಂಕವಾಗುತ್ತದೆ. ನೀವೂ ಇಂತಹ ತಾಯಿಯೊಬ್ಬರ ಪಕ್ಕದ ಮನೆಯವರಾಗಿದ್ದರೆ ನಾನು ಹೇಳುವುದು ನಿಮಗೆ ತಿಳಿದೀತು.

ಅದೇ ವರ್ಷ ಶಿಕಾಗೋ ಬೇರ್ಸ್ ವೃತ್ತಿಪರ ತಂಡ ಅವರನ್ನು ಎರಡನೆಯ ಸುತ್ತಿನಲ್ಲಿ ಆರಿಸಿಕೊಂಡಿತು. ಕಾಲೇಜಿನಲ್ಲಿ ಆಡುವ ನೂರು ಮಂದಿಯಲ್ಲಿ ಇಬ್ಬರಿಗೂ ದೊರೆಯದ ಅವಕಾಶವಿದು. ತಾಯಿ ಬಡತನದಲ್ಲಿ ಬದುಕಿ ಸತ್ತ ಊರಿನಲ್ಲಿಯೇ ಮಗ ಸಂಬಳಕ್ಕೆ ಆಡಿದರು. 1997ರಲ್ಲಿ ವಾಷಿಂಗ್ಟನ್ ತಂಡದೊಡನೆ ಆಟ ಮುಗಿಸಿದರು. ಮತ್ತೆ ನೋಟ್ರ ಡೇಮ್‌ಗೆ ಮರಳಿ ಕಾನೂನು ಓದಿ 2002ರಲ್ಲಿ ಪದವಿ ಪಡೆದರು. 2007ರಲ್ಲಿ ಕಾಲೇಜು ಫುಟ್ಬಾಲಿನ ಕೀರ್ತಿಭವನಕ್ಕೆ ಅವರ ಹೆಸರು ಸೇರಿತು.

ಇಷ್ಟಕ್ಕೇ ನಿಲ್ಲಿಸಿದರೆ ಅದು ಸಂತಚರಿತ್ರೆಯಂತೆ ಕಂಡೀತು. ನಾಲ್ಕು ವರ್ಷಗಳ ಆದಾಯ ತೆರಿಗೆಯ ವಿವರ ಸಲ್ಲಿಸಲಿಲ್ಲವೆಂಬ ಆರೋಪವನ್ನು 2013ರಲ್ಲಿ ಅವರು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಸೆರೆಮನೆಯ ಬದಲು ನಿಗಾವಣೆಯ ಶಿಕ್ಷೆಯಾಯಿತು. ಕಾನೂನು ಓದಿದವರಿಂದ ಇಂತಹ ಅಪರಾಧ ನಡೆದದ್ದು ಸಣ್ಣ ಸಂಗತಿಯಲ್ಲ. ತಾಯಿಯ ಬಡತನ ಅದಕ್ಕೆ ನೆಪವೂ ಅಲ್ಲ. ಪಾಪನಿವೇದನೆಯ ಪೀಠದಲ್ಲಿ ಬಹುಕಾಲ ಕುಳಿತವನಿಗೆ ಒಬ್ಬನೇ ಮನುಷ್ಯನಲ್ಲಿ ಉದಾರತೆಯೂ ಅಲಕ್ಷ್ಯವೂ ಜೊತೆಯಾಗಿರುವುದು ಅಚ್ಚರಿಯಲ್ಲ.

ಆ ಉದಾರತೆಯೂ ನಿಜವೇ. ಬೇರ್ಸ್ ತಂಡದಲ್ಲಿದ್ದಾಗ, 1993ರಲ್ಲಿ, ಅವರು ತಾಯಿಯ ನೆನಪಿಗಾಗಿ ಒಂದು ಸೇವಾ ಪ್ರತಿಷ್ಠಾನವನ್ನು ಆರಂಭಿಸಿದ್ದರು. ತಾಯಂದಿರ ದಿನದಂದು, ಗಂಡನ ಹೊಡೆತಕ್ಕೆ ಮನೆ ತೊರೆದು ಆಶ್ರಯಧಾಮಗಳಲ್ಲಿದ್ದ ಮಹಿಳೆಯರಿಗೆ ಅದರ ಮೂಲಕ ಹೂವು, ಸುಗಂಧದ್ರವ್ಯ ತಲುಪುತ್ತಿದ್ದವು. ಹಸಿದವರಿಗೆ ಸುಗಂಧವೇಕೆಂದು ನಮ್ಮ ಸಮಿತಿಗಳಲ್ಲಿ ಯಾರಾದರೂ ಕೇಳದಿರಲಾರರು. ಬೆಥಾನಿಯಾದಲ್ಲಿಯೂ ಒಬ್ಬ ಹಾಗೆಯೇ ಕೇಳಿದ್ದ. ನವೆಂಬರ್ ತಿಂಗಳ ಕೃತಜ್ಞತಾ ಹಬ್ಬ ಬಂದಾಗ ಕ್ರಿಸ್ ದಿನಸಿಯ ಚೀಲಗಳನ್ನು ಹೊತ್ತು ಶಿಕಾಗೋದ ಬಡವರ ಮನೆಗಳಿಗೆ ತಾವೇ ಹೋಗಿ, ಬಾಗಿಲು ತಟ್ಟಿ ಕೊಡುತ್ತಿದ್ದರು. ಆ ಚೀಲಗಳಲ್ಲಿದ್ದ ಆಹಾರ ಅಂಗಡಿಯ ಹಿಂಬದಿಯಿಂದ ತಂದದ್ದಾಗಿರಲಿಲ್ಲ.